ಗಾಡಿ ಕಟ್ಟೋನು ಗಾಜಿಗೆ ಚೌಕಾಸಿ ಮಾಡಬೇಕೇ?

ಜಟಿಂಗ ರಾಮೇಶ್ವರ ಬೆಟ್ಟ ಹತ್ತಿದವರಿಗೆ ಗುಡಿಯ ಮೆಟ್ಟಿಲ ಎದುರಿಗಿರುವ ಬಳೆಗಾರ ಗುಂಡು ಗೊತ್ತಿದ್ದೀತು. ಅಶೋಕ ಚಕ್ರವರ್ತಿಯ ಶಾಸನ ಇರೋದು ಆ ಬಂಡೆಯ ಮೇಲೇ. 1892ರಲ್ಲಿ ಬಿ. ಎಲ್. ರೈಸ್ ಸಾಹೇಬರು ಅದನ್ನು ಲೋಕಕ್ಕೆ ತೋರಿಸುವ ಹೊತ್ತಿಗಾಗಲೇ, ಜಾತ್ರೆಯ ಬಳೆ ವ್ಯಾಪಾರಿಗಳು ಚಪ್ಪರದ ಗೂಟ ನೆಡಲು ಬಂಡೆಗೆ ಕುಳಿ ಕೊರೆದು ಅಕ್ಷರಗಳು ಕೆಟ್ಟಿದ್ದವು. ಬಳೆಗಾರರ ಮನಸ್ಸಿನಲ್ಲಿ ಕೇಡೇನೂ ಇರಲಿಲ್ಲ. ಬಿಸಿಲಿಗೆ ನೆರಳು ಬೇಕಿತ್ತು, ಕೊರೆದರು. ಆದರೆ ಹೋದ ಅಕ್ಷರ ಹೋದದ್ದೇ.

ಮನೆಯಂಗಳದಲ್ಲಿ ಸ್ವಂತ ಕೈಯಿಂದ ತೆರೆದ ಕಾರು ಕಟ್ಟುವ ಹುಡುಗರು ಎದುರಿನ ಗಾಜಿನ ವಿಷಯದಲ್ಲಿ ಮಾಡುವ ತಪ್ಪೂ ಇದೇ ಜಾತಿಯದು. ಕೇಡಿಲ್ಲ, ತಿಳಿವಳಿಕೆ ಇಲ್ಲ. ಇಲ್ಲಿ ಹೋಗೋದು ಮಾತ್ರ ಅಕ್ಷರವಲ್ಲ, ಕಣ್ಣು!

ಗಾಡಿ ಕಟ್ಟುವವರನ್ನು ಹಂಗಿಸುವುದು ಸಲ್ಲ. ಪಕ್ಕದ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ದತ್ತಾತ್ರೇಯ ಲೋಹಾರ್ ಎಂಬ ಕಮ್ಮಾರ ಗುಜರಿ ಸಾಮಾನಿನಿಂದಲೇ ಒದ್ದು ಸ್ಟಾರ್ಟ್ ಮಾಡುವ ನಾಲ್ಕು ಚಕ್ರದ ಗಾಡಿ ಕಟ್ಟಿದ. 2021ರ ಡಿಸೆಂಬರಿನಲ್ಲಿ ದೇಶವೇ ಭೇಷ್ ಅಂದಿತು. ಮಹೀಂದ್ರ ಕಂಪನಿಯ ಯಜಮಾನರು ಆ ಗಾಡಿ ಪಡೆದು ಬದಲಿಗೆ ಹೊಸ ಬೊಲೆರೊ ಕೊಟ್ಟರು. ಜೊತೆಗೇ ಒಂದು ಮಾತು ಹೇಳಿದ್ದರು: ಕಾನೂನಿನ ಪ್ರಕಾರ ಈ ಗಾಡಿ ಇವತ್ತಲ್ಲ ನಾಳೆ ರಸ್ತೆಯಿಂದ ಇಳಿಯಲೇಬೇಕಾದೀತು ಎಂದು. ಚಪ್ಪಾಳೆ ಹೊಡೆದವರು ಈ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ಗಾಜಿಗೆ ಬನ್ನಿ. ಬೈಕಿನ ಇಂಜಿನ್ನು, ಹಳೇ ಕಾರಿನ ಸ್ಟೀರಿಂಗು, ವೆಲ್ಡಿಂಗು, ಬಣ್ಣ ಎಲ್ಲದಕ್ಕೂ ದುಡ್ಡು ಸುರಿದವನು ಕೊನೆಗೆ ಫೋಟೋಗೆ ಕಟ್ಟು ಹಾಕುವ ಅಂಗಡಿಗೆ ಹೋಗಿ ಕಿಟಕಿ ಗಾಜು ಕೊಯ್ಸಿಕೊಂಡು ಬರುತ್ತಾನೆ. ಆನೆ ತಂದವನು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ! ಬಳೆ ಒಡೆದು ಕೈಗೆ ಚುಚ್ಚಿದ್ದು ಯಾವ ಮನೆಯ ಹೆಣ್ಣುಮಕ್ಕಳಿಗೆ ಗೊತ್ತಿಲ್ಲ? ಕಿಟಕಿ ಗಾಜು ಒಡೆಯೋದೂ ಹಾಗೇ, ಚೂರಿ ಚೂರಿಯಾಗಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಓಡುತ್ತದೆ. ಎದುರಿನ ಲಾರಿಯಿಂದ ಒಂದು ಜಲ್ಲಿಕಲ್ಲು ಹಾರಿದರೆ ಸಾಕು.

ಬಸ್ಸಿನಲ್ಲಿ ಓಡಾಡುವವರು ನೋಡಿರುತ್ತಾರೆ: ಡ್ರೈವರ್ ಮುಂದಿನ ಗಾಜು ಜೇಡರ ಬಲೆಯ ಹಾಗೆ ಬಿರುಕು ಬಿಟ್ಟರೂ ಬೀಳದೆ ನಿಂತಿರುತ್ತದೆ. ಅದು ಲ್ಯಾಮಿನೇಟೆಡ್ ಗಾಜು. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಕೂರಿಸಿ ಒತ್ತಿದ್ದು. 1903ರಲ್ಲಿ ಫ್ರಾನ್ಸಿನ ಬೆನೆಡಿಕ್ಟಸ್ ಎಂಬ ರಸಾಯನ ಪಂಡಿತನ ಪ್ರಯೋಗಶಾಲೆಯಲ್ಲಿ ಗಾಜಿನ ಸೀಸೆ ಬಿತ್ತಂತೆ. ಒಡೆಯಿತು, ಚೂರು ಚೆದುರಲಿಲ್ಲ. ಒಳಗೆ ಒಣಗಿ ಅಂಟಿದ್ದ ಪೊರೆ ಚೂರುಗಳನ್ನು ಹಿಡಿದುಕೊಂಡಿತ್ತು. 1909ರಲ್ಲಿ ಅವನು ಪೇಟೆಂಟು ಪಡೆದ. ಇನ್ನೊಂದು ಟಫನ್ಡ್ ಗಾಜು. ಅದು ಒಡೆದರೆ ಸಕ್ಕರೆ ಹರಳಿನ ಹಾಗೆ ಪುಡಿಯಾಗುತ್ತದೆ. ಪಕ್ಕದ ಕಿಟಕಿಗೆ ಸರಿ, ಮುಂದಕ್ಕೆ ಬೇಡ. ಒಂದೇ ಏಟಿಗೆ ಇಡೀ ಗಾಜು ಬೆಳ್ಳಗಾಗಿ ದಾರಿ ಕಾಣದು. ಅದನ್ನು ಅಳತೆಗೆ ಕೊಯ್ಯಲೂ ಆಗದು. ಪ್ಲಾಸ್ಟಿಕ್ ಅಕ್ರಿಲಿಕ್ ಹಾಳೆ ಅಗ್ಗ ನಿಜ. ಆದರೆ ಮೊಳಕಾಲ್ಮೂರಿನ ಧೂಳಿನಲ್ಲಿ ಬೇಗನೆ ಗೀರು ಬಿದ್ದು, ಸಂಜೆ ಬಿಸಿಲು ಎದುರಾದರೆ ಮಂಜು ಕವಿದಂತೆ ಆಗುತ್ತದೆ.

ಕೊಳ್ಳುವಾಗ ಗಾಜಿನ ಅಂಚು ನೋಡಬೇಕು. ನಡುವೆ ತೆಳು ಗೆರೆ ಕಂಡರೆ ಲ್ಯಾಮಿನೇಟೆಡ್. ಮೂಲೆಯಲ್ಲಿ ಐಎಸ್‌ಐ ಗುರುತೂ ಇರಬೇಕು. ಹಳೇ ಜೀಪಿನ ಚಪ್ಪಟೆ ಚೌಕಟ್ಟು ಗುಜರಿಯಲ್ಲಿ ಸಿಕ್ಕರೆ ಅದೇ ಅನುಕೂಲ. ಚಪ್ಪಟೆ ಲ್ಯಾಮಿನೇಟೆಡ್ ಗಾಜನ್ನು ಎರಡೂ ಮುಖಕ್ಕೆ ಗೆರೆ ಎಳೆದು ಅಳತೆಗೆ ಕೊಯ್ಯಬಹುದು. ತೆರೆದ ಕಾರಿಗೆ ಮೇಲೆ ಚಾವಣಿಯ ಆಸರೆ ಇಲ್ಲ. ಚೌಕಟ್ಟು ಕೆಳಗಿನ ಅಂಚಿನ ಮೇಲೇ ನಿಲ್ಲಬೇಕು. ಆದ್ದರಿಂದ ಎರಡೂ ಬದಿಗೆ ಓರೆಯಾಗಿ ಕಬ್ಬಿಣದ ಆನಿಕೆ ಕೊಡಬೇಕು. ವೆಲ್ಡಿಂಗೆಲ್ಲ ಮುಗಿದ ಮೇಲೇ ಗಾಜು ಕೂರಿಸಬೇಕು. ಗಾಜಿಗೂ ಕಬ್ಬಿಣಕ್ಕೂ ನಡುವೆ ಸುತ್ತಲೂ ರಬ್ಬರು ಬೀಡಿಂಗು ಬೇಕು. ಕಬ್ಬಿಣ ತಾಗಿದರೆ ರಸ್ತೆಯ ಕುಲುಕಾಟಕ್ಕೇ ಗಾಜು ಸೀಳುತ್ತದೆ. ಚೌಕಟ್ಟಿನ ಮೇಲಂಚು ಡ್ರೈವರ್ ಕಣ್ಣಿಗೆ ನೇರ ಅಡ್ಡ ಬರಬಾರದು. ವೈಪರ್ ಮರೆಯಬಾರದು.

ಇಷ್ಟು ಮಾಡಿದರೆ ರಸ್ತೆಗೆ ಇಳಿಸಬಹುದೇ? ಇಲ್ಲ! 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿರಬೇಕು, ಶೇಕಡಾ 70ರಷ್ಟಾದರೂ ಬೆಳಕು ಬಿಡಬೇಕು ಅನ್ನುತ್ತದೆ. ಆದರೆ 126ನೇ ನಿಯಮದಂತೆ ಹೊಸ ಮಾದರಿಯ ಗಾಡಿ ಪುಣೆಯ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್‌ನಂಥ ಸಂಸ್ಥೆಯಲ್ಲಿ ಪಾಸಾಗಬೇಕು. ಅದು ಸಾವಿರಗಟ್ಟಲೆ ಗಾಡಿ ಮಾಡುವ ಕಂಪನಿಗೆ ಹೊಂದುವ ದಾರಿ. ಒಂದೇ ಗಾಡಿ ಕಟ್ಟಿದ ಹಳ್ಳಿ ಮೆಕ್ಯಾನಿಕ್ ಅಲ್ಲಿಗೆ ಹೋಗಿ ಮುಟ್ಟಿಯಾನೇ? ಇರುವ ಗಾಡಿಯನ್ನೇ ಬೇರೆ ರೂಪಕ್ಕೆ ತಿರುಗಿಸೋಣ ಅಂದರೆ 1988ರ ಕಾಯ್ದೆಯ 52ನೇ ಕಲಂ ಅಡ್ಡ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನೇ ಗಟ್ಟಿಮಾಡಿ ಹೇಳಿದೆ. ನೋಂದಣಿ ಇಲ್ಲ ಅಂದರೆ ವಿಮೆ ಇಲ್ಲ. ನಾಳೆ ಯಾರಿಗಾದರೂ ಬಡಿದರೆ ಪರಿಹಾರಕ್ಕೆ ಹೊಲ ಮಾರಬೇಕು. ಬಡಿಸಿಕೊಂಡವರ ಮನೆಗೂ ಗತಿ ಇಲ್ಲ.

ಬ್ರಿಟನ್ನಿನಲ್ಲಿ ಇದಕ್ಕೆ ದಾರಿ ಮಾಡಿದ್ದಾರೆ. ಮನೆಯಲ್ಲಿ ಕಟ್ಟಿದ ಒಂದೇ ಕಾರನ್ನೂ ಸರ್ಕಾರಿ ತಪಾಸಣೆಗೆ ಒಯ್ಯಬಹುದು. ಬ್ರೇಕು, ದೀಪ, ಸ್ಟೀರಿಂಗು, ಗಾಜು ಎಲ್ಲ ನೋಡಿ ಪಾಸು ಅಥವಾ ಫೇಲು ಅನ್ನುತ್ತಾರೆ. ಫೇಲಾದವನು ಸರಿಮಾಡಿಕೊಂಡು ಮತ್ತೆ ಬರುತ್ತಾನೆ. ಇಲ್ಲಿ ಅಂಥ ಬಾಗಿಲೇ ಇಲ್ಲ. ಬಾಗಿಲಿಲ್ಲದ ಮನೆಗೆ ಜನ ಗೋಡೆ ಹಾರಿಯೇ ನುಗ್ಗೋದು. ಕಿಟಕಿ ಗಾಜು ಹಾಕಿಕೊಂಡು ಕತ್ತಲಾದ ಮೇಲೆ ಓಡಿಸುವುದು ಅದಕ್ಕೇ.

ಚಳ್ಳಕೆರೆ ತಾಲ್ಲೂಕಿನ ಕಾವಲಿನಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆಯ ರಾಕೆಟ್ ವಾಹನವನ್ನು ಹೆಲಿಕಾಪ್ಟರಿನಿಂದ ಬಿಟ್ಟು, ತಾನೇ ಬಂದು ಇಳಿಯುವ ಹಾಗೆ ಮಾಡಿದರು. ಮನುಷ್ಯನಿಲ್ಲದ ವಾಹನಕ್ಕೆ ಅಷ್ಟು ದೊಡ್ಡ ಬಯಲು ಸಿಕ್ಕಿತು, ಸಂತೋಷ. ಮನುಷ್ಯ ಕೂತ ಪುಟ್ಟ ಗಾಡಿಗೆ ಐಟಿಐ ಆವರಣದಲ್ಲಿ ಒಂದು ಶೆಡ್ಡು, ತಿಂಗಳಿಗೊಂದು ದಿನ ಚಿತ್ರದುರ್ಗದ ಆರ್‌ಟಿಓ ಕಚೇರಿಯ ಇನ್‌ಸ್ಪೆಕ್ಟರ್ ಸಿಗಬಾರದೇ? ರಸ್ತೆಗೆ ಬಿಡುವ ಕಾನೂನು ದಿಲ್ಲಿಯಲ್ಲಿ ಆಗಬೇಕು, ಒಪ್ಪೋಣ. ಆವರಣದೊಳಗೆ ಓಡಿಸಿ, ತಪ್ಪು ತೋರಿಸಿ, ತಿದ್ದಲು ಯಾರ ಅಪ್ಪಣೆ ಬೇಕು?

ಅಲ್ಲಿಯವರೆಗೆ ಗಾಜಿನ ಅಂಗಡಿಯವರು ಒಂದು ಉಪಕಾರ ಮಾಡಲಿ. ಗಾಡಿಯ ಮುಂದಕ್ಕೆ ಅಂತ ಕಿಟಕಿ ಗಾಜು ಕೇಳಿದವನಿಗೆ ಕೊಯ್ದು ಕೊಡದಿರಲಿ. ಆ ವ್ಯಾಪಾರದ ಲಾಭ ಎಷ್ಟು? ಒಂದು ಹುಡುಗನ ಕಣ್ಣಿಗಿಂತ ಹೆಚ್ಚೇನಲ್ಲ.