ಪ್ಯಾರಿಸ್‌ನಲ್ಲಿ ದಾಕ್ಷಿಣ್ಯ ಬೇಡ ಕಣ್ರೀ!

ಮಗನ ಬೇಸಿಗೆ ರಜೆಗೆ ಅಂತ 2023ರ ಮೇ ತಿಂಗಳಲ್ಲಿ ನಾವು ಮೂವರೂ ಪ್ಯಾರಿಸ್‌ಗೆ ಹೋಗಿದ್ದೆವು. ವರ್ಷಗಟ್ಟಲೆ ಚೀಟಿ ಕಟ್ಟಿ ಕೂಡಿಟ್ಟ ದುಡ್ಡು. ಮೊದಲ ದಿನವೇ ಮೋಂಮಾರ್ತ್ ಗುಡ್ಡದ ಮೇಲಿರುವ ದೊಡ್ಡ ಬಿಳಿ ಚರ್ಚ್ ನೋಡಲು ಹೊರಟೆವು. ಮೆಟ್ಟಿಲ ಬುಡದಲ್ಲಿ ಒಬ್ಬ ಯುವಕ ನಗುತ್ತಾ ಎದುರು ಬಂದ. ‘ಇಂಡಿಯಾ? ನಮಸ್ತೆ!’ ಅಂದ. ಪರದೇಶದಲ್ಲಿ ಯಾರಾದರೂ ನಮಸ್ತೆ ಅಂದರೆ ಖುಷಿಯಾಗದೇ ಇರುತ್ತಾ? ನಾನೂ ನಕ್ಕೆ. ಅವನು ಕೈ ಚಾಚಿದ, ನಾನೂ ಚಾಚಿದೆ. ಅಷ್ಟರಲ್ಲಿ ನನ್ನ ಬೆರಳಿಗೆ ಬಣ್ಣದ ದಾರ ಸಿಕ್ಕಿಸಿ ಸರಸರನೆ ಹೆಣೆದು ಮಣಿಕಟ್ಟಿಗೆ ಗಂಟು ಬಿಗಿದೇ ಬಿಟ್ಟ. ಆಮೇಲೆ ನಗು ಮಾಯ. ‘ಇಪ್ಪತ್ತು ಯೂರೋ ಕೊಡಿ’ ಅಂದ. ಹಿಂದೆ ಇನ್ನಿಬ್ಬರು ಬಂದು ನಿಂತರು. ಹೆದರಿ ಹತ್ತು ಯೂರೋ ಕೊಟ್ಟು ಪಾರಾದೆ. ಆಗಿನ ಲೆಕ್ಕದಲ್ಲಿ ಸುಮಾರು ಒಂಬೈನೂರು ರೂಪಾಯಿ, ಒಂದು ದಾರಕ್ಕೆ!

‘ಅವನಿಗೆ ಕೈ ಯಾಕೆ ಕೊಟ್ಟೆ?’ ಅಂತ ನಮ್ಮ ಮನೆಯವರು ಕೇಳಿದರು. ಉತ್ತರ ಹೊಳೆಯಲಿಲ್ಲ. ರಾತ್ರಿ ಮಲಗಿ ಯೋಚಿಸಿದಾಗ ಗೊತ್ತಾಯಿತು. ನಗುನಗುತ್ತಾ ಮಾತಾಡಿಸಿದವರಿಗೆ ಬೆನ್ನು ತಿರುಗಿಸಿ ಹೋಗುವುದನ್ನು ನಮಗೆ ಯಾರೂ ಕಲಿಸಿಯೇ ಇಲ್ಲ!

ಅವರ ಬಂಡವಾಳ ನಮ್ಮ ಸಂಕೋಚ

ಯುರೋಪಿನ ಪ್ರವಾಸಿ ಊರುಗಳಲ್ಲಿ ನಡೆಯುವ ಮೋಸಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಎಲ್ಲವೂ ನಿಂತಿರುವುದು ಈ ದಾಕ್ಷಿಣ್ಯದ ಮೇಲೆಯೇ. ಎಕ್ಸಾಂ ಪ್ಯಾಡ್ ಹಿಡಿದ ಹುಡುಗಿಯರು ಬಂದು, ಕಿವುಡ ಮೂಗರ ಸಹಾಯಕ್ಕೆ ಒಂದು ಸಹಿ ಹಾಕಿ ಅಂತ ಸನ್ನೆ ಮಾಡುತ್ತಾರೆ. ನೀವು ಬಗ್ಗಿ ಸಹಿ ಹಾಕುವಾಗ ಆ ಪ್ಯಾಡಿನ ಅಡಿಯಲ್ಲೇ ಇನ್ನೊಂದು ಕೈ ನಿಮ್ಮ ಬ್ಯಾಗಿನೊಳಗೆ ಇಳಿದಿರುತ್ತದೆ. ಸೇನ್ ನದಿಯ ದಂಡೆಯಲ್ಲಿ ಒಬ್ಬಾಕೆ ನೆಲದಿಂದ ‘ಚಿನ್ನದ’ ಉಂಗುರ ಹೆಕ್ಕಿ, ‘ನಿಮ್ಮದಾ? ಅಲ್ಲವಾದರೂ ಇಟ್ಟುಕೊಳ್ಳಿ’ ಅಂತ ಕೈಗಿಡುತ್ತಾಳೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದೆಯೇ ಬಂದು ಊಟಕ್ಕೆ ದುಡ್ಡು ಕೇಳುತ್ತಾಳೆ. ಉಂಗುರ ಬರೀ ಹಿತ್ತಾಳೆ! ಮೆಟ್ರೋ ಟಿಕೆಟ್ ಮಷೀನಿನ ಮುಂದೆ ತಡಕಾಡುತ್ತಿದ್ದರೆ ‘ಸಹಾಯ ಮಾಡ್ತೀನಿ’ ಅಂತ ಬಂದವನು ಆಗಲೇ ಬಳಸಿದ ಟಿಕೆಟ್ ಕೊಟ್ಟು ನಿಮ್ಮ ನೋಟು ಜೇಬಿಗಿಳಿಸುತ್ತಾನೆ. ಐಫೆಲ್ ಗೋಪುರದ ಹತ್ತಿರ ಮೂರು ಲೋಟ ಮಗುಚಿ ಚೆಂಡು ಹುಡುಕುವ ಆಟ ನಡೆಯುತ್ತದಲ್ಲ, ಅಲ್ಲಿ ಗೆಲ್ಲುತ್ತಿರುವವರೆಲ್ಲ ಅವರ ಕಡೆಯವರೇ.

ನಮ್ಮ ಮೆಜೆಸ್ಟಿಕ್‌ನಲ್ಲೂ ಹತ್ತು ರೂಪಾಯಿ ನೋಟು ಬೀಳಿಸಿ ಬ್ಯಾಗು ಹಾರಿಸುವವರಿದ್ದಾರೆ. ‘ಗಮನ ಬೇರೆಡೆ ಸೆಳೆದು ಕಳವು’ ಅಂತ ಪೇಪರಿನಲ್ಲಿ ಓದುತ್ತಲೇ ಇರ್ತೀವಿ. ವಿದ್ಯೆ ಅದೇ, ಊರು ಬೇರೆ ಅಷ್ಟೇ. ಆದರೆ ಅಲ್ಲಿ ನಮಗೆ ಭಾಷೆ ಬರುವುದಿಲ್ಲ, ಕೂಗಿದರೆ ಬರುವ ಅಂಗಡಿಯವನ ಪರಿಚಯವೂ ಇರುವುದಿಲ್ಲ.

ಪೊಲೀಸರು ಏನ್ಮಾಡ್ತಾರೆ?

ಅಷ್ಟು ಮುಂದುವರಿದ ದೇಶದಲ್ಲಿ ಇದನ್ನು ತಡೆಯೋಕಾಗಲ್ವಾ ಅಂತ ನಿಮಗೂ ಅನ್ನಿಸಬಹುದು. ಅಲ್ಲಿನವರಿಗೂ ಸಾಕಾಗಿದೆ. 2013ರ ಏಪ್ರಿಲ್ 10ರಂದು ಲೂವ್ರ್ ಮ್ಯೂಸಿಯಂನ ಸುಮಾರು 200 ಸಿಬ್ಬಂದಿ ಕೆಲಸ ಬಿಟ್ಟು ಹೊರಬಂದರು. ಜೇಬುಗಳ್ಳರ ಕಾಟ, ಕೇಳಲು ಹೋದರೆ ತಮ್ಮ ಮೇಲೇ ದಾಳಿ ಅನ್ನುವುದು ಅವರ ದೂರು. ಆ ದಿನ ಮ್ಯೂಸಿಯಂ ಬಾಗಿಲೇ ತೆರೆಯಲಿಲ್ಲ. 2015ರ ಮೇನಲ್ಲಿ ಐಫೆಲ್ ಗೋಪುರವೂ ಇದೇ ಕಾರಣಕ್ಕೆ ಕೆಲವು ಗಂಟೆ ಮುಚ್ಚಿತ್ತು.

ಕಷ್ಟ ಇರುವುದು ಕಾನೂನಿನಲ್ಲಿ. ಫ್ರಾನ್ಸ್‌ನಲ್ಲಿ 13 ವರ್ಷದೊಳಗಿನ ಮಕ್ಕಳನ್ನು ಜೈಲಿಗೆ ಹಾಕುವಂತಿಲ್ಲ. ಒಳ್ಳೆಯ ಕಾನೂನೇ, ಆದರೆ ಕಳ್ಳರ ತಂಡಗಳಿಗೆ ಅದೇ ಅನುಕೂಲ. ಚಿಕ್ಕ ಹುಡುಗಿಯರನ್ನೇ ಮುಂದೆ ಬಿಡುತ್ತಾರೆ. ಲೂವ್ರ್‌ನಲ್ಲಿ ಮಕ್ಕಳಿಗೆ ಪ್ರವೇಶ ಉಚಿತ ಬೇರೆ! ಮೆಟ್ರೋದಲ್ಲಿ ಹೆಣ್ಣುಮಕ್ಕಳಿಂದ ಕಳ್ಳತನ ಮಾಡಿಸುತ್ತಿದ್ದ ಒಂದು ತಂಡದ ಯಜಮಾನನಿಗೆ ಪ್ಯಾರಿಸ್ ನ್ಯಾಯಾಲಯ 2013ರಲ್ಲಿ ಏಳು ವರ್ಷ ಜೈಲು ವಿಧಿಸಿತು. ಅಂದರೆ ನಿಮ್ಮ ಬ್ಯಾಗಿಗೆ ಕೈ ಹಾಕಿದ ಹುಡುಗಿಯೂ ಯಾರದೋ ಕೈಯಲ್ಲಿ ಸಿಕ್ಕಿಬಿದ್ದವಳೇ ಇರಬಹುದು. ಪಾಪ ಅನ್ನಿಸುತ್ತದೆ ನಿಜ. ಆದರೆ ನೀವು ಕೊಡುವ ಯೂರೋ ಹೋಗುವುದು ಅವಳ ಹೊಟ್ಟೆಗಲ್ಲ, ಆ ಯಜಮಾನನ ಜೇಬಿಗೆ. ಅದಕ್ಕೇ ಹೇಳಿದ್ದು, ಕನಿಕರ ಇರಲಿ, ಪರ್ಸು ಮಾತ್ರ ತೆರೆಯಬೇಡಿ.

ಇಡೀ ಸಂಸಾರ ಒಂದೇ ಬ್ಯಾಗಿನಲ್ಲಿ

ಇನ್ನು ನಮ್ಮ ತಪ್ಪಿಗೆ ಬರೋಣ. ಮನೆಯ ಬೀಗದ ಕೈ ನಮ್ಮ ಹತ್ತಿರವೇ ಇರುವ ಹಾಗೆ, ಪ್ರವಾಸದಲ್ಲೂ ಎಲ್ಲರ ಪಾಸ್‌ಪೋರ್ಟ್, ದುಡ್ಡು, ಕಾರ್ಡು, ಅತ್ತೆಯವರ ಬಿಪಿ ಮಾತ್ರೆ ಎಲ್ಲಾ ಇರುವುದು ನಮ್ಮ ವ್ಯಾನಿಟಿ ಬ್ಯಾಗಿನಲ್ಲೇ. ಆ ಒಂದು ಬ್ಯಾಗು ಹೋದರೆ ಸಂಸಾರವೇ ನಡುಬೀದಿಯಲ್ಲಿ. ನಮ್ಮ ಬೀದಿಯ ಗೆಳತಿಯೊಬ್ಬಳಿಗೆ ರೋಮ್‌ನಲ್ಲಿ ಹೀಗೇ ಆಯಿತು. ಹೋಟೆಲಿನಲ್ಲಿ ತಿಂಡಿ ಬಡಿಸಿಕೊಂಡು ಬರುವಷ್ಟರಲ್ಲಿ ಕುರ್ಚಿಗೆ ನೇತುಹಾಕಿದ್ದ ಬ್ಯಾಗು ಇಲ್ಲ! ನಾಲ್ಕು ಪಾಸ್‌ಪೋರ್ಟೂ ಅದರಲ್ಲೇ. ಪೊಲೀಸ್ ದೂರು, ರಾಯಭಾರ ಕಚೇರಿ ಅಂತ ಅಲೆದು, ಊರಿಗೆ ವಾಪಸಾಗಲು ಮಾತ್ರ ನಡೆಯುವ ತುರ್ತು ಪತ್ರ ಪಡೆದು ಬಂದರು. ಪ್ರವಾಸ ಅರ್ಧಕ್ಕೇ ನಿಂತಿತು. ಅವಳಿಗೆ ಹೆಚ್ಚು ನೋವಾಗಿದ್ದು ಅದಕ್ಕಲ್ಲ. ‘ಒಂದು ಬ್ಯಾಗು ನೋಡಿಕೊಳ್ಳೋಕೆ ಆಗಲಿಲ್ವಾ’ ಅಂತ ಮನೆಯವರೆಲ್ಲ ಇಂದಿಗೂ ಆಡುವ ಮಾತಿಗೆ. ನಾಲ್ಕು ಜನರ ಪಾಸ್‌ಪೋರ್ಟ್ ಒಬ್ಬಳೇ ಯಾಕೆ ಹೊರಬೇಕಿತ್ತು ಅಂತ ಮಾತ್ರ ಯಾರೂ ಕೇಳಲಿಲ್ಲ.

ಹಾಗಾಗಿ ಹೊರಡುವ ಮುನ್ನವೇ ಹಂಚಿಬಿಡಿ. ಅವರವರ ಪಾಸ್‌ಪೋರ್ಟ್ ಅವರವರ ಹತ್ತಿರ. ದುಡ್ಡು, ಕಾರ್ಡು ಎರಡು ಮೂರು ಕಡೆ. ಟೈಲರ್ ಹತ್ತಿರ ಚೂಡಿದಾರ್ ಟಾಪಿಗೆ ಜಿಪ್ಪಿನ ಒಳಜೇಬು ಹೊಲಿಸಿಕೊಳ್ಳಿ, ಹೆಚ್ಚೇನೂ ಖರ್ಚಾಗಲ್ಲ. ಚಿನ್ನದ ಸರ ಲಾಕರಿನಲ್ಲೇ ಇರಲಿ.

ಬಿಲ್ಲು ಬರುವ ಮುಂಚೆ

ಮೋಸವೆಲ್ಲ ಬೀದಿಯಲ್ಲೇ ಆಗುವುದಿಲ್ಲ. 2018ರ ಜನವರಿಯಲ್ಲಿ ವೆನಿಸ್‌ನಲ್ಲಿ ಜಪಾನಿನ ನಾಲ್ವರು ವಿದ್ಯಾರ್ಥಿಗಳ ಒಂದು ಊಟಕ್ಕೆ 1,100 ಯೂರೋಗೂ ಹೆಚ್ಚು ಬಿಲ್ಲು ಬಂದು ದೊಡ್ಡ ಸುದ್ದಿಯಾಗಿತ್ತು. ಇಟಲಿಯ ಎಷ್ಟೋ ಕಡೆ ಮೀನಿನ ದರ ಬರೆಯುವುದು 100 ಗ್ರಾಂಗೆ. ನಾವು ಅದನ್ನೇ ಪೂರ್ತಿ ತಟ್ಟೆಯ ದರ ಅಂದುಕೊಳ್ಳುತ್ತೇವೆ. ಆದರೆ ಬಿಲ್ಲಿನಲ್ಲಿ ‘ಕೊಪೆರ್ತೋ’ ಅಂತ ತಲೆಗೆ ಒಂದೆರಡು ಯೂರೋ ಇದ್ದರೆ ಜಗಳಕ್ಕೆ ಹೋಗಬೇಡಿ, ಅದು ಅಲ್ಲಿ ಬಹಳ ಕಡೆ ಇರುವ ಟೇಬಲ್ ಶುಲ್ಕ. ದರಪಟ್ಟಿ ಇಲ್ಲದ ಹೋಟೆಲಿನಲ್ಲಿ ಮಾತ್ರ ಕೂರಲೇಬೇಡಿ.

ಕಾರ್ಡು ಉಜ್ಜುವಾಗ ಮಷೀನು ‘ರೂಪಾಯಿಯಲ್ಲೋ ಯೂರೋದಲ್ಲೋ’ ಅಂತ ಕೇಳಿದರೆ ಯೂರೋ ಅಂತಲೇ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ವಿನಿಮಯ ದರ. ಇದು ಕಾನೂನುಬದ್ಧವೇ, ಆದರೆ ನಷ್ಟ ನಮಗೇ.

ಇಷ್ಟು ನೆನಪಿರಲಿ

* ಮೆಟ್ರೋ ಬಾಗಿಲ ಬಳಿ ಮೊಬೈಲ್ ನೋಡುತ್ತಾ ನಿಲ್ಲಬೇಡಿ. ಬಾಗಿಲು ಮುಚ್ಚುವ ಕೊನೆ ಕ್ಷಣದಲ್ಲಿ ಕಿತ್ತುಕೊಂಡು ಹಾರಿಬಿಡುತ್ತಾರೆ.

* ಪ್ಯಾರಿಸ್ ವಿಮಾನ ನಿಲ್ದಾಣದಿಂದ ನಗರಕ್ಕೆ ಟ್ಯಾಕ್ಸಿಗೆ 2016ರಿಂದ ನಿಗದಿ ದರವಿದೆ. ಒಳಗೇ ಬಂದು ‘ಟ್ಯಾಕ್ಸಿ, ಟ್ಯಾಕ್ಸಿ’ ಅಂತ ಕರೆಯುವವರ ಹಿಂದೆ ಹೋಗದೆ, ಹೊರಗಿನ ಸಾಲಿನಲ್ಲೇ ನಿಲ್ಲಿ.

* ಬಟ್ಟೆಗೆ ಏನೋ ಚೆಲ್ಲಿದೆ ಅಂತ ಯಾರಾದರೂ ಒರೆಸಲು ಬಂದರೆ ಮೊದಲು ಬ್ಯಾಗು ಅವುಚಿಕೊಳ್ಳಿ. ಒರೆಸುವುದು ಆಮೇಲೆ.

* ನಿಜವಾದ ಪೊಲೀಸರು ಬೀದಿಯಲ್ಲಿ ನಿಲ್ಲಿಸಿ ನಿಮ್ಮ ಪರ್ಸಿನ ದುಡ್ಡು ಎಣಿಸುವುದಿಲ್ಲ.

* ಪಾಸ್‌ಪೋರ್ಟ್, ವೀಸಾ ಪ್ರತಿಯನ್ನು ಮೊಬೈಲಿನಲ್ಲೂ ಊರಿನಲ್ಲಿರುವವರ ಹತ್ತಿರವೂ ಇಟ್ಟಿರಿ. ಯುರೋಪಿನಾದ್ಯಂತ ತುರ್ತು ಸಹಾಯಕ್ಕೆ 112. ಕಳವಾದರೆ ಕಾರ್ಡು ನಿಲ್ಲಿಸಿ, ದೂರಿನ ಪ್ರತಿ ತಗೊಳ್ಳಿ, ವಿಮೆಗೆ ಅದು ಬೇಕೇ ಬೇಕು.

ದಾರ ಕಟ್ಟಿಸಿಕೊಂಡ ಮಾರನೇ ದಿನ ಲೂವ್ರ್ ಮುಂದೆ ಎಕ್ಸಾಂ ಪ್ಯಾಡ್ ಹಿಡಿದ ಹುಡುಗಿ ನನ್ನ ಹತ್ತಿರವೇ ಬಂದಳು. ಎದೆ ಡವಡವ ಅಂತಿತ್ತು. ‘ನೋ, ಮೆರ್ಸಿ’ ಅಂದವಳೇ ನಿಲ್ಲದೆ ನಡೆದುಬಿಟ್ಟೆ. ಅವಳು ಬೈಯಲೂ ಇಲ್ಲ, ಬೇಜಾರು ಮಾಡಿಕೊಳ್ಳಲೂ ಇಲ್ಲ, ಸುಮ್ಮನೆ ಇನ್ನೊಬ್ಬರ ಕಡೆ ತಿರುಗಿದಳು. ಅಷ್ಟಕ್ಕೇ ಅಷ್ಟು ಹೆದರಿದ್ದೆನಾ ಅಂತ ನಗು ಬಂತು. ಹೊರಡುವ ಮುನ್ನ ಕನ್ನಡಿ ಮುಂದೆ ನಿಂತು ನೀವೂ ಆ ಎರಡು ಪದ ನಾಲ್ಕು ಸಲ ಹೇಳಿ ನೋಡಿ. ಪ್ರವಾಸ ಸುಖಕರವಾಗಿರಲಿ!