ನಮ್ಮ ಹಣವು ಯಾರ ಮನೆಯಲ್ಲಿ ದುಡಿಯುತ್ತದೆ?

ಹಣವನ್ನು ಉಳಿಸಬೇಕೆಂಬ ಬುದ್ಧಿಮಾತನ್ನು ಕೇಳದೆ ಬೆಳೆದ ಹೆಣ್ಣುಮಗಳು ನಮ್ಮ ನಾಡಿನಲ್ಲಿ ಅಪರೂಪ. ಹನಿಗೂಡಿದರೆ ಹಳ್ಳವೆಂಬದನ್ನು ನಾವೆಲ್ಲರೂ ಬಲ್ಲೆವು. ಆದರೆ ಆ ಹಳ್ಳದ ನೀರು ಯಾರ ಗದ್ದೆಗೆ ಹರಿಯುತ್ತದೆಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ? ಬ್ಯಾಂಕಿನಲ್ಲಿಟ್ಟ ಹಣವು ಪೆಟ್ಟಿಗೆಯಲ್ಲಿ ನಿದ್ರಿಸುವದಿಲ್ಲ. ಅದು ಸಾಲವಾಗಿಯೂ ಬಂಡವಾಳವಾಗಿಯೂ ಹೊರಟು, ಒಂದೆಡೆ ನೇಕಾರನ ಮಗ್ಗವನ್ನು ನಡೆಯಿಸಬಹುದು. ಇನ್ನೊಂದೆಡೆ ನದಿಗೆ ವಿಷವನ್ನು ಸುರಿಯುವ ಕಾರ್ಖಾನೆಯನ್ನೂ ನಡೆಯಿಸಬಹುದು. ಎರಡು ಕಡೆಯಿಂದಲೂ ಬರುವ ಬಡ್ಡಿಯು ನೋಡಲು ಒಂದೇ ತೆರನಾಗಿರುತ್ತದೆ. ಈ ಭೇದವನ್ನು ವಿಚಾರಿಸಿ ಹಣವನ್ನು ತೊಡಗಿಸುವವರು ಯಾರು, ಅವರು ಹಾಗೆ ಮಾಡುವದೇಕೆ ಎಂಬದನ್ನು ಇಲ್ಲಿ ಯೋಚಿಸಲು ಬಯಸುತ್ತೇವೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಸ್ವಂತ ಸಂಪಾದನೆಯುಳ್ಳವರಾಗಿರುವದರಿಂದ ಇದು ಅನ್ಯರ ವಿಷಯವಲ್ಲ.

2007ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನವು ಇಟಲಿಯ ಬೆಲ್ಲಾಜಿಯೋ ಎಂಬಲ್ಲಿ ಕೂಡಿಸಿದ ಸಭೆಯಲ್ಲಿ ಈ ಬಗೆಯ ವ್ಯವಹಾರಕ್ಕೆ ‘ಇಂಪ್ಯಾಕ್ಟ್ ಇನ್ವೆಸ್ಟಿಂಗ್’ ಎಂಬ ಹೆಸರು ಬಂದಿತು. ಇದಕ್ಕೆ ಮೂರು ಲಕ್ಷಣಗಳುಂಟು. ಜನರಿಗಾಗಲಿ ನೆಲಜಲಗಳಿಗಾಗಲಿ ಹಿತವಾಗಬೇಕೆಂಬ ಸಂಕಲ್ಪವು ಮೊದಲೇ ಇರತಕ್ಕದ್ದು. ಮೂಲಧನವು ಏನಾದರೊಂದು ಲಾಭದೊಡನೆ ಹಿಂದಿರುಗತಕ್ಕದ್ದು. ಆದ ಹಿತವನ್ನು ಅಳೆದು ಲೆಕ್ಕ ಒಪ್ಪಿಸತಕ್ಕದ್ದು. ಆದಕಾರಣ ಇದು ದಾನವೂ ಅಲ್ಲ, ಬರಿಯ ಲೇವಾದೇವಿಯೂ ಅಲ್ಲ. 2024ರ ಒಂದು ಅಂದಾಜಿನ ಮೇರೆಗೆ ಲೋಕದಲ್ಲಿ ಹೀಗೆ ತೊಡಗಿರುವ ಹಣವು ಒಂದೂವರೆ ಲಕ್ಷ ಕೋಟಿ ಡಾಲರುಗಳಿಗೂ ಮಿಗಿಲು.

ಇಷ್ಟು ಹಣವನ್ನು ಹಾಕಿದವರು ಒಂದೇ ತರದವರಲ್ಲ. ಪಿಂಚಣಿ ನಿಧಿಗಳು, ವಿಮಾ ಕಂಪೆನಿಗಳು, ಬ್ಯಾಂಕುಗಳು, ಸಿರಿವಂತ ಮನೆತನಗಳು ಇವರಲ್ಲಿದ್ದಾರೆ. ಪೇಟೆಯಲ್ಲಿ ದೊರೆಯುವ ಪೂರ್ಣ ಲಾಭವನ್ನೇ ಬಯಸುವವರೂ ಉಂಟು, ಕಡಿಮೆ ಲಾಭಕ್ಕೆ ಒಪ್ಪುವವರೂ ಉಂಟು. ಧರ್ಮಪ್ರತಿಷ್ಠಾನಗಳ ಕಾರಣವು ಗಮನಿಸತಕ್ಕದ್ದು. ಅಮೆರಿಕದ ಕಾನೂನಿನಂತೆ ಅಂಥ ಪ್ರತಿಷ್ಠಾನಗಳು ವರುಷಕ್ಕೆ ತಮ್ಮ ನಿಧಿಯಲ್ಲಿ ಸುಮಾರು ನೂರಕ್ಕೆ ಐದರಷ್ಟನ್ನು ಸತ್ಕಾರ್ಯಕ್ಕೆ ವೆಚ್ಚಮಾಡಬೇಕು. ಉಳಿದ ತೊಂಬತ್ತೈದು ಪಾಲು ಪೇಟೆಯಲ್ಲಿ ಬೆಳೆಯುತ್ತಿರುತ್ತದೆ. ಆ ಪಾಲಿನ ಕಡೆಗೆ ಕಣ್ಣಿಡದಿದ್ದರೆ ಒಂದು ಕೈ ಔಷಧವನ್ನು ಹಂಚುತ್ತಿರುವಾಗ ಇನ್ನೊಂದು ಕೈ ರೋಗವನ್ನು ಬಿತ್ತುತ್ತಿರಬಹುದು. ಫೋರ್ಡ್ ಪ್ರತಿಷ್ಠಾನವು 2017ರಲ್ಲಿ ತನ್ನ ಮೂಲನಿಧಿಯೊಳಗಿಂದಲೇ 100 ಕೋಟಿ ಡಾಲರುಗಳನ್ನು ಹತ್ತು ವರುಷಗಳಲ್ಲಿ ಇಂಥ ಕಾರ್ಯಗಳಲ್ಲಿ ತೊಡಗಿಸಲು ನಿಶ್ಚಯಿಸಿತು.

ಆದರೆ ಹೆಸರು ಹೊಸದಾದರೂ ಕೆಲಸವು ಹಳೆಯದು. ಅದನ್ನು ಮೊದಲು ಮಾಡಿದವರೆಲ್ಲರೂ ಸಿರಿವಂತರಲ್ಲ. 1968ರಲ್ಲಿ ಸ್ವೀಡನ್ ದೇಶದ ಉಪ್ಸಾಲದಲ್ಲಿ ಲೋಕದ ಸಭೆಗಳ ಮಂಡಲಿಯು ಕೂಡಿದಾಗ, ಸಭೆಗಳ ಹಣವು ದಕ್ಷಿಣ ಆಫ್ರಿಕದ ವರ್ಣಭೇದಕ್ಕೂ ಯುದ್ಧಸಾಮಗ್ರಿಗೂ ಏಕೆ ನೆರವಾಗಬೇಕೆಂಬ ಪ್ರಶ್ನೆಯು ಯುವಜನರಿಂದ ಹೊರಟಿತು. ಆ ಪ್ರಶ್ನೆಯ ಫಲವಾಗಿ 1975ರಲ್ಲಿ ನೆದರ್ಲೆಂಡ್ಸಿನಲ್ಲಿ ಒಂದು ಸಹಕಾರ ಸಂಘವು ಹುಟ್ಟಿತು. ಇಂದು ಅದರ ಹೆಸರು ಆಯಿಕೊಕ್ರೆಡಿಟ್. ಸಭೆಗಳೂ ಸಾಮಾನ್ಯ ಗೃಹಸ್ಥರೂ ಕೂಡಿಟ್ಟ ಹಣವನ್ನು ಅದು ಬಡದೇಶಗಳ ಸಹಕಾರ ಸಂಘಗಳಿಗೂ ಸಣ್ಣ ಸಾಲದ ಸಂಸ್ಥೆಗಳಿಗೂ ಒದಗಿಸುತ್ತ ಬಂದಿದೆ. ಬಹುವರುಷಗಳ ವರೆಗೆ ಪಾಲುದಾರರಿಗೆ ದೊರೆತ ಲಾಭವು ನೂರಕ್ಕೆ ಎರಡರಷ್ಟೇ. ತಲಾಂತುಗಳ ಸಾಮ್ಯವನ್ನು ಓದಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಣವು ನಮ್ಮ ವಶಕ್ಕೆ ಒಪ್ಪಿಸಲ್ಪಟ್ಟದ್ದು. ಅದನ್ನು ಹೂಳಿಡುವದೂ ತಪ್ಪು, ಲೆಕ್ಕವಿಲ್ಲದೆ ದುಡಿಸುವದೂ ತಪ್ಪು.

ನಮ್ಮ ದೇಶದ ದೃಷ್ಟಾಂತವು ಇನ್ನೂ ಹತ್ತಿರದ್ದು. 1974ರಲ್ಲಿ ಅಹಮದಾಬಾದಿನಲ್ಲಿ ತರಕಾರಿ ಮಾರುವವರು, ಚಿಂದಿ ಆಯುವವರು, ಗಾಡಿ ಎಳೆಯುವವರು ಮೊದಲಾದ 4,000 ಮಂದಿ ಸ್ತ್ರೀಯರು ತಲೆಗೆ ಹತ್ತು ರೂಪಾಯಿಯಂತೆ ಕೂಡಿಸಿ ಸೇವಾ ಬ್ಯಾಂಕನ್ನು ಸ್ಥಾಪಿಸಿದರು. ಅವರ ಮುಂದಾಳು ದಿವಂಗತ ಇಳಾ ಭಟ್ಟರು. ಬೇರೆ ಬ್ಯಾಂಕುಗಳ ಹೊಸ್ತಿಲಲ್ಲಿ ಮರ್ಯಾದೆ ಕಾಣದ ಈ ತಾಯಂದಿರಿಗೆ ಸಹಿ ಹಾಕಲು ಬಾರದಿದ್ದರೆ ಭಾವಚಿತ್ರವೇ ಗುರುತಾಯಿತು. ಇಲ್ಲಿ ಹಣ ಹಾಕಿದವಳೂ ಸಾಲ ಪಡೆದವಳೂ ಒಬ್ಬಳೇ. ಬಡ್ಡಿಯ ಕೋರನ ಕೈಯಿಂದ ತಪ್ಪಿಸಿಕೊಳ್ಳುವದೇ ಅವಳ ಕಾರಣ. ಹಿತವಾಯಿತೋ ಇಲ್ಲವೋ ಎಂಬದನ್ನು ಅವಳಿಗೆ ಬೇರೊಬ್ಬರು ಅಳೆದು ಹೇಳಬೇಕಾಗಿರಲಿಲ್ಲ.

ಬೆಂಗಳೂರಿನಲ್ಲಿ 1995ರಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆಯೂ ಇಂಥ ಪಾಠವನ್ನೇ ಕಲಿಸುತ್ತದೆ. ಬಡವರ ಮನೆಗೆ ಸೂರ್ಯನ ಬೆಳಕಿನಿಂದ ದೀಪ ಹಚ್ಚಿಸುವದು ಅದರ ಉದ್ದೇಶ. ದೀಪದ ಬೆಲೆಯನ್ನು ಒಮ್ಮೆಗೇ ಕೊಡಲಾರದವನು ಸೀಮೆಎಣ್ಣೆಗೆ ದಿನದಿನವೂ ಕಾಸು ತೆರುತ್ತಿದ್ದನು. ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿ, ಅವನ ಸಂಪಾದನೆ ಬರುವ ಕ್ರಮಕ್ಕೆ ತಕ್ಕಂತೆ ಕಂತುಗಳನ್ನು ಏರ್ಪಡಿಸಿದ್ದರಿಂದ ಕೆಲಸವು ಸಾಗಿತು. ಸಂಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯು ದೊರೆಯಿತು. ಹೊಗೆಯಿಲ್ಲದ ಬೆಳಕು ಮನೆಗೂ ಹಿತ, ಆಕಾಶಕ್ಕೂ ಹಿತ. ಆದರೆ ಇಂಥ ಕಾರ್ಯಕ್ಕೆ ಬಂಡವಾಳ ಹಾಕುವವರಿಗೆ ತಾಳ್ಮೆ ಬೇಕು; ಬಿತ್ತಿದ ಮರುದಿನ ಕೊಯ್ಯಬಯಸುವವರಿಗೆ ಇದು ಸಲ್ಲದು.

ಈ ಹೊಲದಲ್ಲಿ ಕಳೆಯೂ ಬೆಳೆದಿದೆ ಎಂಬದನ್ನು ಮರೆಮಾಚಲಾಗದು. ಬಡ ಸ್ತ್ರೀಯರ ಉದ್ಧಾರವೆಂದು ಹೊರಟ ಸಣ್ಣ ಸಾಲದ ಕಂಪೆನಿಗಳಲ್ಲಿ ಲಾಭದಾಸೆಯು ಬಲಿತು, ಒಂದೇ ಮನೆಗೆ ಹಲವರು ಸಾಲ ಹೊರಿಸಿ, ವಸೂಲಿಗಾಗಿ ಮಾನ ಕಳೆಯುವ ಮಟ್ಟಕ್ಕೆ ಹೋದದ್ದುಂಟು. 2010ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶದ ಸರಕಾರವು ಇದನ್ನು ತಡೆಯಲು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. 2025ರ ಫೆಬ್ರವರಿಯಲ್ಲಿ ನಮ್ಮ ಕರ್ನಾಟಕದಲ್ಲಿಯೂ ಹಾಗೆಯೇ ಆಯಿತು. ಆ ಕಂಪೆನಿಗಳಲ್ಲಿ ಹಣ ಹಾಕಿದವರಲ್ಲಿ ಸದುದ್ದೇಶದವರು ಇರಲಿಲ್ಲವೆಂದಲ್ಲ. ಎಷ್ಟು ಸಾಲ ಹಂಚಿತು, ಎಷ್ಟು ಹಿಂದಕ್ಕೆ ಬಂದಿತು ಎಂಬದನ್ನೇ ಅವರು ಹಿತದ ಅಳತೆಯೆಂದು ಎಣಿಸಿದರು. ಸಾಲ ತೆತ್ತವಳು ಒಲೆಯ ಮುಂದೆ ಉಪವಾಸವಿದ್ದು ತೆತ್ತಳೋ ಎಂಬದು ಆ ಲೆಕ್ಕದೊಳಗೆ ಬರಲಿಲ್ಲ. ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಹಣ ಕೊಟ್ಟವರ ಸದುದ್ದೇಶವು ಸಾಲದು, ಹಣ ಮುಟ್ಟಿದವರ ಸಾಕ್ಷಿಯೇ ಪ್ರಮಾಣ.

ಮಗಳ ಉಳಿತಾಯವನ್ನು ಪರೋಪಕಾರಕ್ಕೆಂದು ಅಪಾಯಕ್ಕೆ ಒಡ್ಡುವದುಂಟೇ ಎಂದು ತಾಯಿತಂದೆಗಳು ಕೇಳಬಹುದು. ನ್ಯಾಯವಾದ ಮಾತು. ಮಕ್ಕಳ ವಿದ್ಯೆಗೂ ಮುಪ್ಪಿಗೂ ಬೇಕಾದ ಹಣವನ್ನು ಭದ್ರವಾಗಿಯೇ ಇಡತಕ್ಕದ್ದು. ಒಳ್ಳೆಯ ಹೆಸರು ಹೊತ್ತ ಮಾತ್ರಕ್ಕೆ ಯಾವ ಕಂಪೆನಿಯೂ ನಂಬಿಕೆಗೆ ಯೋಗ್ಯವಾಗುವದಿಲ್ಲ. ಆದರೆ ವಿಚಾರಿಸುವದಕ್ಕೆ ಬಂಡವಾಳ ಬೇಡ. ಬ್ಯಾಂಕಿನಲ್ಲಾಗಲಿ, ಸಹಕಾರ ಸಂಘದ ವಾರ್ಷಿಕ ಸಭೆಯಲ್ಲಾಗಲಿ, ಮ್ಯೂಚುವಲ್ ಫಂಡಿನ ಕಚೇರಿಯಲ್ಲಾಗಲಿ ಮೂರು ಪ್ರಶ್ನೆಗಳನ್ನು ಯಾರೂ ಕೇಳಬಹುದು: ನಮ್ಮ ಹಣವು ಯಾರ ಕೈ ಸೇರುತ್ತದೆ? ಅಲ್ಲಿ ಏನು ಕೆಲಸ ಮಾಡುತ್ತದೆ? ಆ ಕೆಲಸವು ಹಿತವೋ ಅಹಿತವೋ ಎಂದು ಅಲ್ಲಿಯವರನ್ನು ಕೇಳಿದವರುಂಟೋ?

ಉತ್ತರವು ಮೊದಲ ದಿನವೇ ದೊರೆಯಲಿಕ್ಕಿಲ್ಲ. ಒಬ್ಬಳು ಕೇಳಿದರೆ ಗುಮಾಸ್ತನು ನಕ್ಕಾನು. ನೂರು ಮಂದಿ ಕೇಳಿದರೆ ಮೇಲಧಿಕಾರಿಯು ಉತ್ತರವನ್ನು ಸಿದ್ಧಮಾಡಿಕೊಳ್ಳುವನು. ಬೀದಿಯಲ್ಲಿ ತರಕಾರಿ ಮಾರುವವರು ಹತ್ತು ಹತ್ತು ರೂಪಾಯಿ ಕೂಡಿಸಿ ಬ್ಯಾಂಕನ್ನೇ ಕಟ್ಟಬಲ್ಲರಾದರೆ, ಓದುಬರಹವನ್ನೂ ಲೆಕ್ಕವನ್ನೂ ಕಲಿತ ನಮ್ಮ ಸಹೋದರಿಯರು ತಮ್ಮ ಹಣದ ಲೆಕ್ಕವನ್ನಾದರೂ ಕೇಳುವರೆಂದು ನಂಬಿದ್ದೇವೆ.