ಬೀಜದ ಟಗರುಗಳ ಡಿಎನ್‌ಎ ಪರೀಕ್ಷೆಗಾಗಿ ಮನವಿ ಪತ್ರ

ಇವರಿಗೆ,
ಮಾನ್ಯ ಉಪನಿರ್ದೇಶಕರು,
ಪಶುಪಾಲನಾ ಮತ್ತು ಪಶುವೈದ್ಯ ಸೇವಾ ಇಲಾಖೆ, ಬೆಳಗಾವಿ

ಇವರಿಂದ,
ಉಗರಗೋಳ ಹಾಗೂ ಸುತ್ತಲಿನ ಗ್ರಾಮಗಳ ಸಮಸ್ತ ಕುರಿಗಾರರು,
ಸವದತ್ತಿ ತಾಲ್ಲೂಕು

ವಿಷಯ: ಅವಳಿ ಮರಿಯ ಗುಣವಿರುವ ಟಗರುಗಳಿಗೆ ಪರೀಕ್ಷೆ, ಪ್ರಮಾಣಪತ್ರ ಮತ್ತು ದಖ್ಖನಿ ತಳಿಯ ರಕ್ಷಣೆ ಕುರಿತು.

ಮಾನ್ಯರೇ,

ನಮ್ಮ ದಖ್ಖನಿ ಕುರಿ ಸಾಮಾನ್ಯವಾಗಿ ಸೂಲಿಗೆ ಒಂದೇ ಮರಿ ಹಾಕುತ್ತದೆ. ಮಹಾರಾಷ್ಟ್ರದ ಫಲ್ಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಸುಂದರಬನದ ಪುಟ್ಟ ಗ್ಯಾರೋಲ್ ಕುರಿಯ ಅವಳಿ ಗುಣವನ್ನು ದಖ್ಖನಿಗೆ ತಂದು ‘ನಾರಿ ಸುವರ್ಣ’ವನ್ನು ರೂಪಿಸಿದ್ದಾರೆ. ಈ ಗುಣಕ್ಕೆ ಕಾರಣವಾದ ಫೆಕ್-ಬಿ ಎಂಬ ವಂಶವಾಹಿ ಬದಲಾವಣೆ 2001ರಲ್ಲಿ ಪತ್ತೆಯಾಯಿತು. ಈಗ ತುಸು ರಕ್ತ ಸಿಕ್ಕರೆ ಸಾಕು, ಅದು ಇದೆಯೋ ಇಲ್ಲವೋ ಹೇಳಬಹುದು.

ಟಗರು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಬೆನ್ನು ತಡವುತ್ತೇವೆ, ಬೀಜ ಮುಟ್ಟಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸುತ್ತೇವೆ. ಅವಳಿ ಗುಣ ಇದ್ಯಾವುದರಲ್ಲೂ ಕಾಣುವುದಿಲ್ಲ. ಅದರ ಹೆಣ್ಣುಮರಿ ಬೆಳೆದು ಈದಾಗಲೇ ತಿಳಿಯಬೇಕು. ಅಷ್ಟರಲ್ಲಿ ಹಿಂಡಿನ ತುಂಬ ಅದರ ಸಂತಾನವಿರುತ್ತದೆ. ತಂದೆ ತಾಯಿ ಇಬ್ಬರಿಂದಲೂ ಈ ಗುಣ ಪಡೆದ ಟಗರು ತನ್ನ ಎಲ್ಲ ಮರಿಗಳಿಗೂ ಅದನ್ನು ದಾಟಿಸುತ್ತದೆ. ಒಬ್ಬರಿಂದ ಮಾತ್ರ ಪಡೆದಿದ್ದರೆ ಸರಾಸರಿ ಅರ್ಧದಷ್ಟು ಮರಿಗಳಿಗೆ. ಸಂತೆಯಲ್ಲಿ ಮಾತ್ರ ಎರಡಕ್ಕೂ ‘ಸುವರ್ಣ’ ಎಂಬ ಒಂದೇ ಹೆಸರು. ಬಡ ಕುರಿಗಾರ ಬಾಯಿಮಾತು ನಂಬಿ ಸಾಲ ಮಾಡಿ ಕೊಳ್ಳುವುದು ಅನ್ಯಾಯ.

ಆದಕಾರಣ ತಾಲ್ಲೂಕು ಪಶು ಆಸ್ಪತ್ರೆಯಲ್ಲೇ ಟಗರುಗಳ ರಕ್ತ ಮಾದರಿ ಪಡೆದು, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ನೆರವಿನಿಂದ ಉಚಿತವಾಗಿ ಪರೀಕ್ಷೆ ಮಾಡಿಸಬೇಕು. ಕಿವಿಯೋಲೆ ಸಂಖ್ಯೆ ನಮೂದಿಸಿದ ಪ್ರಮಾಣಪತ್ರವನ್ನು ಕನ್ನಡದಲ್ಲಿ ಕೊಡಬೇಕು. ಸರ್ಕಾರಿ ಯೋಜನೆಗಳಲ್ಲಿ ಪ್ರಮಾಣಪತ್ರವಿಲ್ಲದ ಟಗರನ್ನು ವಿತರಿಸಬಾರದು.

ಅವಳಿ ಮರಿ ಎಲ್ಲ ಹಿಂಡಿಗೂ ಒಳಿತೆಂದು ನಾವು ಹೇಳುತ್ತಿಲ್ಲ. ತಾಯಿಗೆ ಹಾಲು ಸಾಲದಿದ್ದರೆ ಸಣ್ಣ ಮರಿ ಕೆಚ್ಚಲಿಗೆ ಬಾಯಿ ಹಾಕುವಷ್ಟರಲ್ಲಿ ದೊಡ್ಡದು ಕುಡಿದು ಮುಗಿಸಿರುತ್ತದೆ. ಸುಗ್ಗಿ ಮುಗಿದ ಮೇಲೆ ಹೊಲದಿಂದ ಹೊಲಕ್ಕೆ ನಡೆಯುವ ಹಿಂಡಿನಲ್ಲಿ ಅಂಥ ಮರಿಯನ್ನು ಉಳಿಸಿಕೊಳ್ಳುವುದು ಕಷ್ಟ. ಆದ್ದರಿಂದ ಟಗರಿನ ಜೊತೆಗೆ ಗಬ್ಬದ ಕುರಿಗೆ ಹಿಂಡಿ, ಮೇವಿನ ನೆರವೂ ಸಿಗಬೇಕು. ಬೇಡವೆಂದವರ ಮೇಲೆ ತಳಿ ಹೇರಬಾರದು.

ಬಿಸಿಲಲ್ಲಿ ದೂರ ನಡೆಯುವ, ಕಂಬಳಿಗೆ ಕರಿ ಉಣ್ಣೆ ಕೊಡುವ ನಮ್ಮ ಮೂಲ ದಖ್ಖನಿಯೂ ಉಳಿಯಬೇಕು. ದೇಸಿ ದನಗಳಿಗೆಂದು 2021ರಲ್ಲಿ 11,496 ಗುರುತುಗಳ ‘ಇಂಡಿಗೌ’ ಜೀನೋಮ್ ಚಿಪ್ ಬಂದಿದೆ. ಕುರಿಗೂ ಅಂಥ ಕಾಳಜಿ ಬೇಕು. ಬೆರಕೆ ಹೆಚ್ಚುವ ಮೊದಲೇ ಸವದತ್ತಿ, ರಾಮದುರ್ಗ ಭಾಗದ ಶುದ್ಧ ಹಿಂಡುಗಳನ್ನು ಗುರುತಿಸಿ ಅವುಗಳ ಡಿಎನ್‌ಎ ಮಾದರಿಯನ್ನು ಸಂಗ್ರಹಿಸಿಡಬೇಕು.

ಮಾದರಿ ಸಂಗ್ರಹಕ್ಕೆ ನಮ್ಮ ಹಿಂಡುಗಳನ್ನು ಒದಗಿಸಲು ಸಿದ್ಧರಿದ್ದೇವೆ. ಮುಂದಿನ ಟಗರು ವಿತರಣೆಗೆ ಮುನ್ನ ಈ ಬಗ್ಗೆ ಲಿಖಿತ ಆದೇಶ ಹೊರಡಿಸಬೇಕೆಂದು ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಉಗರಗೋಳ ಭಾಗದ ಕುರಿಗಾರರು